ಬೆಳ್ಳಕ್ಕಿಯ ಬಿಳಿ, ಸಮವಸ್ತ್ರದ ಬಿಳಿ

ರೋಗಿಯ ಉಸಿರಾಟ ಎಣಿಸುವಾಗ ಎಣಿಸುತ್ತಿದ್ದೇವೆಂದು ಅವರಿಗೆ ಹೇಳಬಾರದು. ನರ್ಸಿಂಗ್ ಮೊದಲ ವರ್ಷದಲ್ಲೇ ಕಲಿಸುವ ಪಾಠವಿದು. ನಾಡಿ ನೋಡುವವರ ಹಾಗೆ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ, ಕಣ್ಣನ್ನು ಮಾತ್ರ ಎದೆಯ ಏರಿಳಿತದ ಮೇಲೆ ನೆಟ್ಟು, ಒಂದು ಪೂರ್ತಿ ನಿಮಿಷ ಎಣಿಸಬೇಕು. ಗೊತ್ತಾಯಿತೋ, ಉಸಿರಿನ ಲಯವೇ ಬದಲಾಗುತ್ತದೆ. ಜಕ್ಕೂರು ಕೆರೆಯ ಏರಿಯ ಮೇಲೆ ನಿಂತು ಅಕ್ಕನ ಮಗಳು ಇದನ್ನು ಹೇಳುವಾಗ ಅವಳ ದೃಷ್ಟಿ ನನ್ನ ಕಡೆಗಿರಲಿಲ್ಲ. ಎದುರಿನ ಜೊಂಡಿನ ಮೇಲೆ ಕೂತಿದ್ದ ಮಿಂಚುಳ್ಳಿಗೂ ಅದೇ ನಿಯಮವಂತೆ.

"ನೋಡ್ತಿದೀವಿ ಅಂತ ಅದಕ್ಕೆ ಗೊತ್ತಾಗಬಾರ್ದು ಮಾಮ. ನೀವು ಆ ಕಡೆ ನೋಡೋ ಥರ ನಿಂತ್ಕೊಳ್ಳಿ."

ನಾನು ಆ ಕಡೆ ನೋಡಿದೆ. ಮಿಂಚುಳ್ಳಿ ಹಾರಿಹೋಯಿತು. ತಪ್ಪು ನನ್ನದೇ ಎಂದು ತೀರ್ಮಾನವಾಯಿತು.

ಹುಡುಗಿ ಚಳ್ಳಕೆರೆ ಕಡೆಯವಳು. ಹೆಬ್ಬಾಳದ ಹತ್ತಿರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ, ಭಾನುವಾರ ಹಾಸ್ಟೆಲಿನಿಂದ ಯಲಹಂಕದ ನಮ್ಮ ಮನೆಗೆ ಬರುತ್ತಾಳೆ. ಹೆಗಲಲ್ಲಿ ಎರಡು ಚೀಲ. ಒಂದರಲ್ಲಿ ಅರ್ಧ ಬರೆದ ಕೇರ್ ಪ್ಲಾನ್, ಇನ್ನೊಂದರಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಯಾವುದನ್ನು ಮೊದಲು ತೆಗೆಯುತ್ತಾಳೆ ಎಂಬುದರ ಮೇಲೆ ಆ ವಾರ ಹೇಗಿತ್ತು ಎಂದು ನಮ್ಮ ಮನೆಯವರು ಅಳೆಯುತ್ತಾರೆ.

ಉತ್ತರ ಬೆಂಗಳೂರಿನಲ್ಲಿ ಇಂಥ ನರ್ಸಿಂಗ್ ವಿದ್ಯಾರ್ಥಿಗಳು ಬಹಳ. ಹೆಬ್ಬಾಳ, ಮತ್ತಿಕೆರೆ, ಆರ್.ಟಿ. ನಗರ, ಯಶವಂತಪುರ, ಯಲಹಂಕಗಳ ಬಸ್ ನಿಲ್ದಾಣಗಳಲ್ಲಿ ಬೆಳಿಗ್ಗೆ ಏಳಕ್ಕೆ ಜಡೆ ಬಿಗಿದು ಕಟ್ಟಿ ನಿಂತ ಹುಡುಗಿಯರಲ್ಲಿ, ಈಚೆಗೆ ಹುಡುಗರಲ್ಲೂ, ಕೇರಳದವರಿದ್ದಾರೆ, ಈಶಾನ್ಯದವರಿದ್ದಾರೆ, ನಮ್ಮ ರಾಯಚೂರು, ಯಾದಗಿರಿಯವರೂ ಇದ್ದಾರೆ. ಅವರ ವೇಳಾಪಟ್ಟಿ ನೋಡಿದರೆ ಹವ್ಯಾಸದ ಮಾತೆತ್ತಲು ನಮಗೇ ಸಂಕೋಚವಾಗುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ತಂದ ಹೊಸ ಪಠ್ಯಕ್ರಮದಲ್ಲಿ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಿ ಸಾಕು. ಆದರೆ ಪದವಿ ಕೈಗೆ ಬರುವ ಮೊದಲು ವಾರ್ಡಿನ ಪೋಸ್ಟಿಂಗ್‌ಗಳ ಹಾಜರಿ ನೂರಕ್ಕೆ ನೂರು ಆಗಿರಬೇಕು. ತಪ್ಪಿಸಿದ ಡ್ಯೂಟಿಯನ್ನು ಎಂದಾದರೂ ಮಾಡಿಯೇ ತೀರಿಸಬೇಕು. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ 22 ವಾರ, ವಾರಕ್ಕೆ 48 ಗಂಟೆ. ಸಾಲ ಮಾಡಿದವರು ಲೆಕ್ಕ ಹಾಕುವ ಹಾಗೆ ಇವರು ಡ್ಯೂಟಿಗಳ ಲೆಕ್ಕ ಹಾಕುತ್ತಾರೆ. ಪಠ್ಯಕ್ರಮದಲ್ಲಿ ಸ್ವಂತ ಓದಿಗೆ, ಸಹಪಠ್ಯ ಚಟುವಟಿಕೆಗಳಿಗೆ ಎಂದೇ ಗಂಟೆಗಳಿವೆ ನಿಜ. ಆ ಗಂಟೆಗಳನ್ನು ಔಷಧಗಳ ವಿವರ ಬರೆಯುವ ಡ್ರಗ್ ಬುಕ್ ನುಂಗುತ್ತದೆ.

"ಸಮಯ ಹೊಂದಿಸಿಕೊಳ್ಳುವುದು ಹೇಗೆ" ಎಂದು ಉಪದೇಶ ಮಾಡುವವರು ಈ ಹುಡುಗಿಯನ್ನು ಕಂಡಿಲ್ಲ. ಅವಳು ಸಮಯ ಹೊಂದಿಸುವುದಿಲ್ಲ, ಕದಿಯುತ್ತಾಳೆ. ಅದಕ್ಕೆ ಊರೂ ಸಹಾಯ ಮಾಡುತ್ತದೆ. ಹೆಬ್ಬಾಳ, ಜಕ್ಕೂರು, ರಾಚೇನಹಳ್ಳಿ, ಅಲ್ಲಾಳಸಂದ್ರ, ಯಲಹಂಕ ಕೆರೆಗಳೆಲ್ಲ ಆಚೀಚೆ ಕೆಲವೇ ಕಿಲೋಮೀಟರುಗಳಲ್ಲಿವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನಂತೂ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಬೆಳಗಿನ ಪಾಳಿ ಮುಗಿಸಿ, ಊಟ ಮಾಡಿ, ಹಾಸ್ಟೆಲಿನ ಗೇಟು ಹಾಕುವುದರೊಳಗೆ ಸಿಗುವ ಎರಡು ಗಂಟೆಗೆ ಸರಿಯಾಗಿ ಇಳಿಬಿಸಿಲು ಬೀಳುತ್ತದೆ. ಫೋಟೊ ತೆಗೆಯುವವರಿಗೆ ಬೇಕಾದದ್ದು ಅದೇ ಬೆಳಕು.

ಜಕ್ಕೂರು ಕೆರೆ ಅವಳಿಗೆ ಪಾಠವನ್ನೂ ಕಲಿಸಿತು. ಶುದ್ಧೀಕರಣ ಘಟಕದಲ್ಲಿ ಕೊಳಚೆ ಸೋಸಿ, ಆ ನೀರನ್ನು ಜೊಂಡು ಬೆಳೆದ ಜೌಗಿನೊಳಗೆ ಹಾಯಿಸಿ ಆಮೇಲೆ ಕೆರೆಗೆ ಬಿಡುತ್ತಾರೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಳಿಯುವುದು ಆ ನೀರಿಗೇ. ಕಮ್ಯುನಿಟಿ ಹೆಲ್ತ್ ವಿಷಯದಲ್ಲಿ ಕೊಳಚೆ ನೀರಿನ ವಿಲೇವಾರಿಯ ಬಗ್ಗೆ ಪ್ರಶ್ನೆ ಬಂದಾಗ ಅವಳು ಪುಸ್ತಕದ ಚಿತ್ರ ಬಿಟ್ಟು ಜಕ್ಕೂರು ಕೆರೆಯನ್ನೇ ಬರೆದಳಂತೆ. "ಹಕ್ಕೀನೂ ಬರೆದ್ಯಾ?" ಎಂದೆ. "ಒಂದೇ ಒಂದು ಕೊಕ್ಕರೆ, ಮೂಲೇಲಿ" ಎಂದಳು.

ಇನ್ನೊಂದು ಪಾಠವನ್ನು ಬೆಳ್ಳಕ್ಕಿ ಕಲಿಸಿತು. ಕ್ಯಾಮೆರಾದ ಮೀಟರ್‌ಗೆ ಬಿಳಿ, ಕಪ್ಪು ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಅದನ್ನು ಸರಾಸರಿ ಬೂದು ಎಂದುಕೊಳ್ಳುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿಯೊಂದು ನಿಂತಿದ್ದರೆ, ಮೀಟರ್ ನೀರನ್ನು ನೋಡಿ ಬೆಳಕು ಸಾಲದೆಂದು ಜಾಸ್ತಿ ಒಳಬಿಡುತ್ತದೆ. ಹಕ್ಕಿಯ ಗರಿ ಸುಟ್ಟುಹೋದಂತೆ ಬರಿ ಬಿಳಿಯಾಗುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಮೈನಸ್‌ಗೆ ಇಳಿಸಬೇಕು. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ತದ್ವಿರುದ್ಧ, ಪ್ಲಸ್‌ಗೆ ಏರಿಸಬೇಕು, ಇಲ್ಲದಿದ್ದರೆ ಬಿಳಿ ಮಾಸಲಾಗುತ್ತದೆ. ಇದನ್ನು ಕೆರೆಯ ಬಳಿ ನೂರಾರು ಫೋಟೊ ಹಾಳು ಮಾಡಿ ಕಲಿತವಳಿಗೆ ಕಾಲೇಜಿನ ಲ್ಯಾಂಪ್ ಲೈಟಿಂಗ್ ದಿನ ಕೆಲಸ ಸಿಕ್ಕಿತು. ಕಿರಿಯ ವಿದ್ಯಾರ್ಥಿಗಳು ದೀಪ ಹಿಡಿದು ಪ್ರತಿಜ್ಞೆ ಮಾಡುವ ಸಮಾರಂಭವದು. ಕತ್ತಲಾದ ಸಭಾಂಗಣ, ಮೊಂಬತ್ತಿಯ ಬೆಳಕು, ಬಿಳಿ ಸಮವಸ್ತ್ರದ ಮುಖಗಳು. ಕಪ್ಪು ನೀರಿನ ಬೆಳ್ಳಕ್ಕಿಯೇ! ಮರುದಿನ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ತೆಗೆದ ಗ್ರೂಪ್ ಫೋಟೊಗೆ ಪ್ಲಸ್. ಬಾಡಿಗೆಗೆ ಬಂದಿದ್ದ ಫೋಟೊಗ್ರಾಫರನ ಚಿತ್ರಗಳಲ್ಲಿ ಎಲ್ಲರ ಸಮವಸ್ತ್ರವೂ ನೀಲಿ ಹಾಕಿ ಒಗೆಯದ ಬಟ್ಟೆಯ ಹಾಗೆ ಬಂದಿತ್ತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಸ್ವಲ್ಪ ಜಂಬ. ಇರಲಿ.

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಎರಡನೇ ವರ್ಷ ಇಂಟರ್ನಲ್ಸ್‌ನಲ್ಲಿ ಅಂಕ ಕುಸಿಯಿತು. ಅಕ್ಕ ಫೋನ್ ಮಾಡಿ ಬೈದದ್ದು ಮಗಳನ್ನಲ್ಲ, ನನ್ನನ್ನು. "ಓದೋಕೆ ಕಳ್ಸಿದ್ದೋ, ಹಕ್ಕಿ ಕಾಯೋಕೆ ಕಳ್ಸಿದ್ದೋ?" ಕ್ಯಾಮೆರಾವನ್ನು ನಮ್ಮ ಮನೆಯ ಬೀರುವಿಗೆ ಹಾಕಿ ಬೀಗ ಹಾಕಿದೆವು. ಅದು ಮಳೆಗಾಲ. ಸೆಮಿಸ್ಟರ್ ಮುಗಿಸಿ ಬಂದು ತೆಗೆದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಸ್ಟು. ಅಳುತ್ತಾಳೆಂದುಕೊಂಡೆ. ಅವಳು ಅದನ್ನು ಕಿಟಕಿಗೆ ಹಿಡಿದು ನೋಡಿ, "ಆಸ್ಪರ್ಜಿಲಸ್ ಇರ್ಬೇಕು" ಎಂದಳು. ಆ ಸೆಮಿಸ್ಟರಿನಲ್ಲಿ ಮೈಕ್ರೊಬಯಾಲಜಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಲೆನ್ಸ್ ಸ್ವಚ್ಛ ಮಾಡಿಸಿದ ಖರ್ಚು ನನ್ನ ಪಾಲಿಗೆ.

ಅಕ್ಕನಿಗೆ ನಾನು ಕೊಟ್ಟ ಉದಾಹರಣೆ ಸಂಡೂರಿನ ಎಂ.ವೈ. ಘೋರ್ಪಡೆಯವರದು. ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದವರು, ಜೊತೆಗೆ ದೇಶದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. ರಾಜ್ಯದ ಬಜೆಟ್ ಬರೆಯುವವರಿಗೆ ಕಾಡಿಗೆ ಹೋಗಲು ಪುರಸೊತ್ತು ಸಿಕ್ಕಿದ್ದರೆ ನಿನ್ನ ಮಗಳಿಗೂ ಸಿಗುತ್ತದೆ ಎಂದೆ. "ಅವರು ರಾಜರ ಮನೆಯವರು, ನಾವಲ್ಲ" ಎಂದು ಅಕ್ಕ ಫೋನ್ ಇಟ್ಟಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಲೆದಾಟ ಅಪರೂಪಕ್ಕೆ. ಯಲಹಂಕದಲ್ಲಿ ರೈಲು ಹತ್ತಿದರೆ ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗ; ಬೆಟ್ಟದ ಮೇಲಿಂದ ನೋಡಿದರೆ ಗುಡ್ಡಗಳ ನಡುವೆ ಬಳುಕಿ ಬರುವ ಹಳಿ. ಗೆಳತಿಯರೊಂದಿಗೆ ಎರಡು ಸಲ ಹೋಗಿದ್ದಾಳೆ. ಅವರದೇ ಒಂದು ಕಟ್ಟುನಿಟ್ಟು ಇದೆ: ರಾತ್ರಿ ಪಾಳಿ ಮುಗಿಸಿದವರು ಆ ದಿನ ಬೆಟ್ಟಕ್ಕೂ ಇಲ್ಲ, ಬೈಕಿಗೂ ಇಲ್ಲ. ನಿದ್ದೆಗೆಟ್ಟು ಗಾಡಿ ಓಡಿಸಿದವರು ಯಾವ ಸ್ಥಿತಿಯಲ್ಲಿ ಬರುತ್ತಾರೆಂದು ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಡಿದ್ದಾರೆ.

ಇಷ್ಟೆಲ್ಲ ಮಾಡುವವಳು ಕ್ಯಾಮೆರಾವನ್ನು ಎಂದೂ ವಾರ್ಡಿನೊಳಗೆ ಒಯ್ದಿಲ್ಲ. ಒಯ್ಯುವಂತಿಲ್ಲ, ಮೊಬೈಲಿಗೂ ಅದೇ ಮಾತು. ಇದು ಅವಳನ್ನು ಕಾಡುತ್ತದೆ, ಯಾಕೆಂದರೆ ಅವಳು ಕಾಣುವ ಅತ್ಯಂತ ತೀವ್ರವಾದ ಮುಖಗಳು ಅಲ್ಲೇ ಇರುವುದು. 2020ರಲ್ಲಿ ಇಟಲಿಯ ಕ್ರೆಮೋನಾದಲ್ಲಿ ಪಾವ್ಲೊ ಮಿರಾಂಡಾ ಎಂಬ ಐಸಿಯು ನರ್ಸ್ ಕೋವಿಡ್ ವಾರ್ಡಿನ ಕಪ್ಪುಬಿಳುಪು ಚಿತ್ರಗಳನ್ನು ತೆಗೆದದ್ದನ್ನು ನಾನೇ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಇವ್ರು ಜೊತೆಗೆ ಕೆಲ್ಸ ಮಾಡೋರ ಸುಸ್ತು ತೆಗ್ದಿದಾರೆ ಮಾಮ. ಪೇಷೆಂಟು ಮಲಗಿದಾರೆ, ಅವ್ರನ್ನ ಹೇಗೆ ಕೇಳೋದು?" ಎಂದು ಮೊಬೈಲ್ ಹಿಂದಕ್ಕೆ ಕೊಟ್ಟಳು.

ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಎಲ್ಲ ನರ್ಸಿಂಗ್ ಕಾಲೇಜುಗಳಲ್ಲೂ ಭಾಷಣವಾಗುತ್ತದೆ. ದೀಪದ ಕಥೆ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. 1850ರಲ್ಲಿ ಅಥೆನ್ಸ್‌ನಲ್ಲಿ ಆಕೆ ಗೂಬೆಮರಿಯೊಂದನ್ನು ಕಾಪಾಡಿ, ಅಥೀನಾ ಎಂದು ಹೆಸರಿಟ್ಟು, ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಕ್ರಿಮಿಯಾಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದು ಸತ್ತುಹೋಯಿತು. ಅದರ ದೇಹ ಇಂದಿಗೂ ಲಂಡನ್ನಿನ ನೈಟಿಂಗೇಲ್ ಸಂಗ್ರಹಾಲಯದಲ್ಲಿದೆ. ಆ ಗೂಬೆಯ ಕುಲವೂ ನಮ್ಮ ಹಾಲಕ್ಕಿಯ ಕುಲವೂ ಒಂದೇ, ಅಥೀನೆ. ಬುಡುಬುಡಿಕೆಯವರು ಯಾರ ಹೆಸರಿನಲ್ಲಿ ಭವಿಷ್ಯ ನುಡಿಯುತ್ತಾರೋ ಆ ಹಾಲಕ್ಕಿಗಳ ಒಂದು ಜೋಡಿ ಹಾಸ್ಟೆಲಿನ ಹಿಂದಿನ ಮರದ ಪೊಟರೆಯಲ್ಲೂ ಇದೆ. ಇದು ಗೊತ್ತಾದ ದಿನ ಅವಳಿಗಾದ ಖುಷಿ ರ‍್ಯಾಂಕ್ ಬಂದರೂ ಆಗಲಿಕ್ಕಿಲ್ಲ.

ಅದೇ ನೈಟಿಂಗೇಲ್ 1859ರ ತನ್ನ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾಳೆ. ರೋಗಿಯ ಕಣ್ಣಿಗೆ ಬಣ್ಣ, ಹೂವು ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು. ಅದರ ಪ್ರಭಾವವೋ ಏನೋ, ಹುಡುಗಿ ಈಗ ಸಣ್ಣ ನೋಟ್‌ಬುಕ್ ಇಟ್ಟಿದ್ದಾಳೆ. ತೆಗೆಯಲಾಗದ ಚಿತ್ರಗಳನ್ನು ಹಾಸ್ಟೆಲಿಗೆ ಬಂದ ಮೇಲೆ ಅದರಲ್ಲಿ ಬರೆಯುತ್ತಾಳೆ. ಹೆಸರಿಲ್ಲ, ಹಾಸಿಗೆಯ ಸಂಖ್ಯೆಯಿಲ್ಲ, ಕಾಯಿಲೆಯೂ ಇಲ್ಲ. ಕಳೆದ ಭಾನುವಾರ ಒಂದು ಪುಟ ಓದಲು ಕೊಟ್ಟಳು. ಸಂಜೆ ಐದೂಕಾಲು, ಪಡುವಣ ಕಿಟಕಿ. ಅಜ್ಜಿಯೊಬ್ಬರ ಕೈ, ಕ್ಯಾನುಲಾ ತೆಗೆದ ಜಾಗದಲ್ಲಿ ನೇರಳೆ ಕಲೆ. ಹಸಿರು ಗಾಜಿನ ಬಳೆ ಒಂದು. ಬಳೆಯಿಂದ ಹಾಯ್ದ ಬೆಳಕು ಹೊದಿಕೆಯ ಮೇಲೆ ಹಸಿರು ಗೆರೆಯಾಗಿತ್ತು. ಕೆಳಗೆ, ತೆಗೆಯದ ಆ ಚಿತ್ರಕ್ಕೆ ಶಟರ್ ಸ್ಪೀಡ್ ಕೂಡ ಬರೆದಿದ್ದಳು: 1/125.

ಒಳಾಂಗಣ, ಸಂಜೆ, ಇಷ್ಟು ವೇಗ ಯಾಕೆ ಎಂದೆ.

"ಅಜ್ಜಿ ಕೈ ನಡುಗತ್ತೆ ಮಾಮ. ಇನ್ನೂ ಕಮ್ಮಿ ಇಟ್ರೆ ಬಳೆ ಬ್ಲರ್ ಆಗತ್ತೆ."