ಎರಡು ತಾಲ್ಲೂಕುಗಳಲ್ಲಿ ಜೀವಶಾಸ್ತ್ರದ ವ್ಯಾಸಂಗ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡದಲ್ಲಿ ಓದಿ ತೇರ್ಗಡೆಯಾದ ಮಕ್ಕಳು ಪದವಿಪೂರ್ವ ತರಗತಿಯ ವಿಜ್ಞಾನ ಶಾಖೆಯನ್ನು ಸೇರಿದೊಡನೆಯೇ ಒಂದು ಸಂಕಟಕ್ಕೆ ಗುರಿಯಾಗುತ್ತಾರೆ. ಅಲ್ಲಿ ಉನ್ನತ ಜೀವಶಾಸ್ತ್ರದ ಪುಸ್ತಕವೂ ಪಾಠವೂ ಬಹುಮಟ್ಟಿಗೆ ಆಂಗ್ಲ ಭಾಷೆಯವು. ನಿನ್ನೆಯವರೆಗೆ ಅರಿತಿದ್ದ ವಿಷಯವೇ ಇಂದು ಅಪರಿಚಿತವಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲವೆಂಬುದನ್ನು ಮಹಾಜನರು ಮೊದಲು ಮನಗಾಣಬೇಕು.

ನರಸೀಪುರದ ಕಡೆ ರೇಷ್ಮೆಹುಳು ಸಾಕುವ ಮನೆಯ ಹುಡುಗಿಯನ್ನು ನೋಡಿರಿ. ಹುಳುವು ನಾಲ್ಕು ಸಲ 'ಜ್ವರ'ಕ್ಕೆ ಕುಳಿತು ಪೊರೆ ಕಳಚುವುದನ್ನೂ, ಹಣ್ಣಾದ ಮೇಲೆ ಗೂಡು ಕಟ್ಟುವುದನ್ನೂ ಆಕೆ ತಾಯಿಯ ಪಕ್ಕದಲ್ಲಿ ನಿಂತು ಕಂಡಿದ್ದಾಳೆ. ಅದೇ ಸಂಗತಿ ಕೀಟದ ರೂಪಾಂತರವೆಂಬ ಹೆಸರಿನಿಂದ ಪರಭಾಷೆಯಲ್ಲಿ ಎದುರಾದಾಗ ಗುರುತು ಹತ್ತದೆ ಬಾಯಿಪಾಠಕ್ಕೆ ತೊಡಗುತ್ತಾಳೆ! ರೇಷ್ಮೆಹುಳುವಿನ ಗಂಟುರೋಗವನ್ನು ಲೂಯಿ ಪಾಶ್ಚರನು 1865ರಿಂದ ದಕ್ಷಿಣ ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ, 1870ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ರೋಗಾಣುವು ತಾಯಿಯಿಂದ ಮೊಟ್ಟೆಗೆ ಸಾಗುವುದರಿಂದ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕೆಂಬುದೇ ಅವನ ವಿಧಾನ. ಇಂದಿಗೂ ಬಿತ್ತನೆ ಮೊಟ್ಟೆ ತಯಾರಿಸುವವರು ಇದನ್ನೇ ಅನುಸರಿಸುತ್ತಾರೆ. ಒಳ್ಳೆಯ ಸೂಕ್ಷ್ಮದರ್ಶಕವೊಂದಿದ್ದರೆ ಕಾಲೇಜಿನ ಮಕ್ಕಳೂ ಇದನ್ನು ಮಾಡಬಲ್ಲರು.

ನಂಜನಗೂಡಿನ ರಸಬಾಳೆಯ ಕಥೆಯೂ ಇಂತಹುದೇ. ಊರಿನ ಹೆಸರನ್ನೇ ಹೊತ್ತು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ತಳಿಯನ್ನು ಪನಾಮಾ ಸೊರಗುರೋಗವು ಬಹುಪಾಲು ತೋಟಗಳಿಂದ ಅಳಿಸಿತು. ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುವ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಮುಚ್ಚುತ್ತದೆ. ಸೋಂಕಿನ ಕಂದನ್ನು ನೆಟ್ಟಲ್ಲಿ ರೋಗವೂ ಜೊತೆಗೇ ಹೋಗುತ್ತದೆ. ಸಸ್ಯದ ನಾಳವ್ಯವಸ್ಥೆ, ಶಿಲೀಂಧ್ರ, ಅಂಗಾಂಶ ಕೃಷಿ, ಈ ಮೂರು ಪಾಠಗಳೂ ಒಂದೇ ಗಿಡದಲ್ಲಿವೆ.

ಕನ್ನಡಕ್ಕೆ ಇಷ್ಟು ಶಕ್ತಿಯಿದೆಯೇ ಎಂದು ಕೆಲವರು ಇನ್ನೂ ಕೇಳುವುದುಂಟು. ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಮಿತ್ರರೂ 1918ರಲ್ಲಿಯೇ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೆ ಮೀಸಲು. ಅದರ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಪ್ರಶ್ನೆ ಕನ್ನಡದಲ್ಲಿದ್ದು ಪಾಠ ಮಾತ್ರ ಅನ್ಯಭಾಷೆಯಲ್ಲಿರುವುದು ಯಾವ ನ್ಯಾಯ?

ಮುಂದಿನ ವೈದ್ಯ ವ್ಯಾಸಂಗವು ಆಂಗ್ಲದಲ್ಲಿರುವುದರಿಂದ ಆ ಭಾಷೆಯ ಪಾರಿಭಾಷಿಕ ಪದಗಳನ್ನು ಮಕ್ಕಳು ಕಲಿಯಲೇಬೇಕೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಕನ್ನಡದಲ್ಲಿ ಅರ್ಥವಾದ ಮೇಲೆ ಅವನ್ನು ಕಲಿಸಲಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವೂ, 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯೂ ಈ ಮಕ್ಕಳು ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿವೆ. ವಿದ್ಯಾ ಇಲಾಖೆಯ ಅಧಿಕಾರಿಗಳು ಬರುವ ಜೂನ್ ತಿಂಗಳೊಳಗಾಗಿ ಎರಡೂ ತಾಲ್ಲೂಕುಗಳ ಪದವಿಪೂರ್ವ ಕಾಲೇಜುಗಳಿಗೆ ದ್ವಿಭಾಷಾ ಪಾಠಪುಸ್ತಕವನ್ನೂ, ಕೆಲಸಕ್ಕೆ ಬರುವ ಸೂಕ್ಷ್ಮದರ್ಶಕಗಳನ್ನೂ ಒದಗಿಸಬೇಕೆಂದು ಬಿನ್ನವಿಸುತ್ತೇವೆ.