ಅಂಡನಾಳದಲ್ಲಿ ಅಡಗುವ ಅರ್ಬುದ

ಇಟಲಿಯ ಪಾದುವಾ ನಗರದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಗೇಬ್ರಿಯೇಲ್ ಫಲೋಪಿಯೋ ಎಂಬ ಪಂಡಿತನು 1561ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗರ್ಭಾಶಯದ ಇಕ್ಕೆಲಗಳಿಂದ ಹೊರಡುವ ಎರಡು ನಾಳಗಳನ್ನು ವರ್ಣಿಸಿ ಅವನ್ನು ಕಹಳೆಗೆ ಹೋಲಿಸಿದನು. ಅವನ ಹೆಸರನ್ನೇ ಹೊತ್ತಿರುವ ಈ ನಾಳಗಳ ಉದ್ದ ಹತ್ತು ಹನ್ನೆರಡು ಸೆಂಟಿಮೀಟರು. ಹೊರತುದಿ ಮಾತ್ರ ಸೀರೆಯ ಸೆರಗಿನ ಕುಚ್ಚಿನಂತೆ ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಅಂಡಾಶಯವು ಬಿಟ್ಟ ಅಂಡವನ್ನು ಬರಮಾಡಿಕೊಳ್ಳುವುದು ಈ ಕುಚ್ಚಿನ ಕೆಲಸ.

ಈ ನಾಳದಲ್ಲಿ ಅರ್ಬುದ ಹುಟ್ಟುವುದು ಅತಿ ವಿರಳವೆಂದು ವೈದ್ಯಗ್ರಂಥಗಳು ಬಹುಕಾಲ ಹೇಳುತ್ತ ಬಂದವು. ಸ್ತ್ರೀ ಜನನಾಂಗಗಳ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದನ್ನೂ ಮೀರದೆಂದು ಅವುಗಳ ಲೆಕ್ಕ. ರೋಗದ ಮೂರು ಲಕ್ಷಣಗಳನ್ನು ಅವು ಹೆಸರಿಸುತ್ತವೆ: ನೀರಿನಂಥ ಸ್ರಾವ, ಕಿಬ್ಬೊಟ್ಟೆಯ ಶೂಲೆ, ಒಂದು ಪಾರ್ಶ್ವದಲ್ಲಿ ಗಡ್ಡೆ. ನಾಳದೊಳಗೆ ದ್ರವ ತುಂಬಿದಾಗ ಶೂಲೆ ಏಳುತ್ತದೆ. ದ್ರವ ಒಮ್ಮೆಗೇ ಹರಿದುಹೋದರೆ ನೋವು ಶಮನವಾಗಿ, ಗಡ್ಡೆಯೂ ಕುಗ್ಗುತ್ತದೆ. ಆದರೆ ಮೂರೂ ಲಕ್ಷಣಗಳು ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ನೋವು ಕಳೆದೊಡನೆ ವೈದ್ಯರ ನೆನಪೂ ಕಳೆಯುವುದು ಸಹಜ. ಸ್ರಾವವನ್ನು ಬಿಳಿಸೆರಗೆಂದು ಬಗೆದು ಸಂಕೋಚದಿಂದ ಮುಚ್ಚಿಡುವವರೂ ಉಂಟು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಾಣಿಸಿಕೊಂಡು, ಗರ್ಭಾಶಯದ ಒಳಪದರವನ್ನು ಕೆರೆದು ಪರೀಕ್ಷಿಸಿದಾಗ ಏನೂ ಸಿಕ್ಕದಿದ್ದರೆ, ಅನುಭವಿ ವೈದ್ಯರು ಅಲ್ಲಿಗೆ ನಿಲ್ಲದೆ ನಾಳಗಳತ್ತ ಗಮನ ಹರಿಸುತ್ತಾರೆ. ಗರ್ಭಕಂಠದ ಪ್ಯಾಪ್ ಪರೀಕ್ಷೆ ಇಲ್ಲಿ ಹೆಚ್ಚಿನ ನೆರವು ನೀಡದು. ಹೆಚ್ಚಿನ ರೋಗಿಗಳಲ್ಲಿ ನಿಜವಾದ ನಿರ್ಣಯ ದೊರೆಯುವುದು ಶಸ್ತ್ರಕ್ರಿಯೆಯ ನಂತರ, ಸೂಕ್ಷ್ಮದರ್ಶಕದ ಕೆಳಗೆ.

ಆ ಸೂಕ್ಷ್ಮದರ್ಶಕವೇ ಹಳೆಯ ನಂಬಿಕೆಯನ್ನು ಅಲುಗಿಸಿತು. 1994ರಲ್ಲಿ ಬಿಆರ್‌ಸಿಎ-1 ಎಂಬ ವಂಶವಾಹಿಯೂ ಮರುವರ್ಷ ಬಿಆರ್‌ಸಿಎ-2 ಕೂಡ ಪತ್ತೆಯಾದವು. ಅವುಗಳಲ್ಲಿ ದೋಷವಿರುವ ಸ್ತ್ರೀಯರು ಮುಂಜಾಗ್ರತೆಯಾಗಿ ಅಂಡಾಶಯಗಳನ್ನೂ ನಾಳಗಳನ್ನೂ ತೆಗೆಸಿಕೊಳ್ಳತೊಡಗಿದರು. ಹೀಗೆ ತೆಗೆದ ನಾಳಗಳಲ್ಲಿ ಅರ್ಬುದದ ಪೂರ್ವಚಿಹ್ನೆಗಳಿರುವುದನ್ನು 2001ರಲ್ಲಿ ನೆದರ್ಲೆಂಡಿನ ಸಂಶೋಧಕರು ವರದಿ ಮಾಡಿದರು. ಅದುವರೆಗೆ ರೋಗಶಾಸ್ತ್ರಜ್ಞರು ನಾಳದ ಒಂದೆರಡು ತುಣುಕುಗಳನ್ನಷ್ಟೇ ನೋಡಿ ತೃಪ್ತರಾಗುತ್ತಿದ್ದರು! ಬಳಿಕ ಅಮೆರಿಕದ ಬಾಸ್ಟನ್ನಿನಲ್ಲಿ ಇಡೀ ನಾಳವನ್ನು, ಅದರಲ್ಲೂ ಕುಚ್ಚನ್ನು, ಎರಡು ಮೂರು ಮಿಲಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿ ನೋಡುವ ಕ್ರಮ ರೂಪುಗೊಂಡಿತು. ಕುಚ್ಚಿನಲ್ಲೇ ರೋಗದ ಮೊಳಕೆ ಸಿಕ್ಕಿತು. ಅಂಡಾಶಯದ್ದೆಂದು ಹೆಸರಾದ ತೀವ್ರ ಅರ್ಬುದಗಳಲ್ಲಿ ಎಷ್ಟೋ ನಾಳದಲ್ಲೇ ಹುಟ್ಟಿದವೆಂಬುದು ಈಗಿನ ತಿಳಿವು. 2014ರಿಂದ ಎರಡಕ್ಕೂ ಒಂದೇ ಹಂತಗಣನೆ ಜಾರಿಯಲ್ಲಿದೆ.

ಮೊದಲೇ ಪತ್ತೆಹಚ್ಚುವ ಸುಲಭೋಪಾಯವಾದರೋ ಇನ್ನೂ ಕೈಗೂಡಿಲ್ಲ. ರಕ್ತದಲ್ಲಿ ಸಿಎ-125 ಎಂಬ ವಸ್ತು ಏರಿದರೆ ಸಂಶಯಕ್ಕೆ ಎಡೆಯುಂಟು. ಆದರೆ ಹೊಟ್ಟೆಯ ಕ್ಷಯದಲ್ಲೂ ಗರ್ಭಾಶಯದ ನಿರಪಾಯಕರ ಗಡ್ಡೆಗಳಲ್ಲೂ ಅದು ಏರಬಹುದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ರೋಗಲಕ್ಷಣವಿಲ್ಲದವರಿಗೆ ಈ ರಕ್ತಪರೀಕ್ಷೆಯನ್ನೂ ಅಲ್ಟ್ರಾಸೌಂಡನ್ನೂ ವರ್ಷವರ್ಷ ಮಾಡಿದರೂ ಈ ರೋಗದ ಸಾವುಗಳು ತಗ್ಗಲಿಲ್ಲ. ಆದ್ದರಿಂದಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರು ಮನೆತನದಲ್ಲಿ ಯಾರಿಗಾದರೂ ಬಂದಿತ್ತೇ ಎಂದು ವೈದ್ಯರು ಮೊದಲು ವಿಚಾರಿಸುತ್ತಾರೆ. ತಾಯಿ, ಚಿಕ್ಕಮ್ಮಂದಿರ ಹೆಸರು ಹೇಳಿ ಸುಮ್ಮನಾದರೆ ಸಾಲದು. ಸೋದರತ್ತೆಯರ ವಿಷಯವನ್ನೂ ತಿಳಿಸಬೇಕು. ದೋಷವುಳ್ಳ ವಂಶವಾಹಿ ತಂದೆಯ ಕಡೆಯಿಂದಲೂ ಮಗಳಿಗೆ ಇಳಿದು ಬರುತ್ತದೆ.