ಹತ್ತು ಸೆಂಟಿಮೀಟರ್‌ನ ಅಂಬಾಸಿಡರ್

ಈ ವರ್ಷ ಕಾಲೇಜು ಶುರುವಾದ ಮೊದಲ ವಾರ ನಮ್ಮ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಹವ್ಯಾಸ ಏನೆಂದು ಕೇಳಿದರು. ಕ್ರಿಕೆಟ್, ಕ್ರಿಕೆಟ್, ಓದುವುದು, ಮತ್ತೆ ಕ್ರಿಕೆಟ್. ನನ್ನ ಸರದಿ ಬಂದಾಗ ‘ಹಳೆಯ ಆಟಿಕೆ ಕಾರು ರಿಪೇರಿ ಮಾಡುವುದು’ ಎಂದೆ. ಇಡೀ ಕ್ಲಾಸು ನಕ್ಕಿತು. ಹದಿನೇಳು ವರ್ಷದವನು ಇನ್ನೂ ಕಾರಿನ ಜೊತೆ ಆಡುತ್ತಾನೆ ಎಂದುಕೊಂಡಿರಬೇಕು. ಆಡುವುದಿಲ್ಲ. ಬಿಚ್ಚುತ್ತೇನೆ, ತೊಳೆಯುತ್ತೇನೆ, ಮತ್ತೆ ಜೋಡಿಸುತ್ತೇನೆ. ಅದರಲ್ಲಿ ಏನಿದೆ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಎಲ್ಲ ಆಟಿಕೆ ಕಾರೂ ಸ್ಕೇಲ್ ಮಾಡೆಲ್ ಅಲ್ಲ. ನಿಜವಾದ ಕಾರಿನ ಪ್ರತಿಯೊಂದು ಅಳತೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಮಾಡಿದ್ದು ಮಾತ್ರ ಸ್ಕೇಲ್ ಮಾಡೆಲ್. ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದ. 43ರಿಂದ ಭಾಗಿಸಿದರೆ 10 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. 18ರಿಂದ ಭಾಗಿಸಿದರೆ 24 ಸೆಂಟಿಮೀಟರ್, ಶೋಕೇಸಿನಲ್ಲೇ ಇಡಬೇಕು. 64ರಿಂದ ಭಾಗಿಸಿದರೆ 7 ಸೆಂಟಿಮೀಟರೂ ಇಲ್ಲ, ಜೇಬಿನಲ್ಲಿ ಹೋಗುತ್ತದೆ.

ಈ 43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ರೈಲಿನಿಂದ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬುವರ ಮೆಕ್ಯಾನೋ ಕಂಪನಿ ಆಟದ ರೈಲುಗಳನ್ನು ಮಾಡುತ್ತಿತ್ತು. ರೈಲಿನ ಪಕ್ಕ ಇಡಲು ಅದೇ ಅಳತೆಯ ಕಾರು, ಲಾರಿಗಳು ಬೇಕಾದವು. 1934ರ ಹೊತ್ತಿಗೆ ಅವುಗಳಿಗೆ ಡಿಂಕಿ ಟಾಯ್ಸ್ ಎಂದು ಹೆಸರಾಯಿತು. ನಿಜವಾದ ಒಂದು ಅಡಿಗೆ ಮಾಡೆಲಿನಲ್ಲಿ 7 ಮಿಲಿಮೀಟರ್ ಎಂಬ ಲೆಕ್ಕ ಅದು. ಭಾಗಿಸಿ ನೋಡಿ, 43 ಚಿಲ್ಲರೆ ಬರುತ್ತದೆ. 1960ರ ದಶಕದ ಕೊನೆಯಲ್ಲಿ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದವು. ಅವುಗಳಿಂದ ಎರಕ ಹೊಯ್ದ ಕಾರುಗಳು ನಮ್ಮ ದೇಶದಲ್ಲಿ ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಮಾರಾಟವಾದವು. ಮ್ಯಾಚ್‌ಬಾಕ್ಸ್ ಕಾರುಗಳ ಕಥೆ ಇನ್ನೂ ಚೆನ್ನಾಗಿದೆ. ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದು ಎಂಬ ನಿಯಮವಿತ್ತಂತೆ. ಅಪ್ಪ ಪೊಟ್ಟಣದಲ್ಲಿ ಹಿಡಿಸುವಂಥ ರೋಡ್ ರೋಲರ್ ಮಾಡಿಕೊಟ್ಟರು. (ಮೊಬೈಲಿನ ಬಗ್ಗೆ ಇಂಥ ನಿಯಮ ಬಂದರೆ ನಮ್ಮಲ್ಲಿ ಎಷ್ಟು ಮಂದಿ ಏನೇನು ಕಂಡುಹಿಡಿಯುತ್ತಾರೋ!)

ಲೋಹದ ಈ ಕಾರುಗಳು ಕಬ್ಬಿಣದ್ದಲ್ಲ. ಸತುವಿಗೆ ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ, ಸ್ವಲ್ಪ ಮೆಗ್ನೀಸಿಯಂ ಮತ್ತು ತಾಮ್ರ ಸೇರಿಸಿದ ಜಮಾಕ್ ಎಂಬ ಮಿಶ್ರಲೋಹದ್ದು. ನಮ್ಮ ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ, ಎರಕ ತೆಗೆಯುವಾಗ ಅಚ್ಚು ಒಡೆದುಹೋಗುತ್ತದೆ. ಶುದ್ಧ ಕಬ್ಬಿಣ ಕರಗಲು 1500 ಡಿಗ್ರಿಗೂ ಹೆಚ್ಚು ಶಾಖ ಬೇಕು, ಜಮಾಕ್‌ಗೆ 400 ಡಿಗ್ರಿಯೊಳಗೇ ಸಾಕು. ಹಾಗಾಗಿ ಅದನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಬಹುದು, ಒಂದೇ ಅಚ್ಚಿನಲ್ಲಿ ಸಾವಿರಾರು ಕಾರು ತೆಗೆಯಬಹುದು. ಒಂದೇ ಎಚ್ಚರಿಕೆ: ಸತುವಿನಲ್ಲಿ ಸೀಸ ಬೆರೆತಿದ್ದರೆ ವರ್ಷಗಳ ನಂತರ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಇದಕ್ಕೆ ಝಿಂಕ್ ಪೆಸ್ಟ್ ಎನ್ನುತ್ತಾರೆ. 1930ರ ದಶಕದ ಅನೇಕ ಮಾಡೆಲುಗಳು ಹೀಗೇ ಹೋದವು. ಅದಕ್ಕೆ ಔಷಧವಿಲ್ಲ.

ಈಗ ನನ್ನ ಕಾರಿಗೆ ಬರುತ್ತೇನೆ. ನಮ್ಮ ದಾದಾ ಭದ್ರಾವತಿಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಕಬ್ಬಿಣದ ಕಾರ್ಖಾನೆಗೆ, ಪೇಪರ್ ಮಿಲ್ಲಿಗೆ ಬರುವವರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಹೋಗುವುದು, ನ್ಯೂಟೌನಿನಿಂದ ಶಿವಮೊಗ್ಗದ ಆಸ್ಪತ್ರೆಗೆ ಬರುವವರನ್ನು ಕರೆತರುವುದು ಅವರ ಕೆಲಸ. ಟ್ಯಾಕ್ಸಿಯನ್ನು ಮಾರಿ ಎಷ್ಟೋ ವರ್ಷವಾಯಿತು, ದಾದಾ ಈಗಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅವರು ಇಟ್ಟುಕೊಂಡಿದ್ದ ಪುಟ್ಟ ಲೋಹದ ಅಂಬಾಸಿಡರ್ ಮಾತ್ರ ಒಂದು ಬಿಸ್ಕತ್ ಡಬ್ಬಿಯಲ್ಲಿ ಉಳಿದಿತ್ತು. ಕಪ್ಪು ಬಾಡಿ, ಹಳದಿ ಟಾಪ್. ಮುಂದಿನ ಗಾಜು ಇಲ್ಲ, ಒಂದು ಚಕ್ರ ತಿರುಗುವುದಿಲ್ಲ. ತಳದ ಅಕ್ಷರ ಸವೆದು ಹೋಗಿ ಯಾವ ಕಂಪನಿಯದೆಂದೂ ಗೊತ್ತಾಗುವುದಿಲ್ಲ.

ಇಂಥ ಕಾರನ್ನು ಬಿಚ್ಚುವುದಕ್ಕೆ ಸ್ಕ್ರೂ ಇರುವುದಿಲ್ಲ. ತಳದಲ್ಲಿ ಎರಡು ರಿವೆಟ್ ಇರುತ್ತವೆ. 3 ಮಿಲಿಮೀಟರ್ ಬಿಟ್ ಹಾಕಿ, ಕೈ ಡ್ರಿಲ್ಲಿನಿಂದ ರಿವೆಟ್ಟಿನ ತಲೆಯನ್ನಷ್ಟೇ ನಿಧಾನವಾಗಿ ಕೊರೆಯಬೇಕು. ಆಗ ಬಾಡಿ, ತಳ, ಸೀಟು, ಗಾಜು, ಆಕ್ಸಲ್ ಎಲ್ಲ ಬೇರೆಯಾಗುತ್ತವೆ. ವಾಪಸು ಜೋಡಿಸುವಾಗ ಅದೇ ತೂತಿಗೆ ಹಳೆಯ ಕೈಗಡಿಯಾರದ ಅಥವಾ ಮೊಬೈಲಿನ ಸಣ್ಣ ಸ್ಕ್ರೂ ಸಾಕು. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೋ ತೆಗೆದುಕೊಳ್ಳಿ. ನಾನು ತೆಗೆಯದೆ ಒಮ್ಮೆ ಸೀಟನ್ನು ಹಿಂದುಮುಂದಾಗಿ ಕೂರಿಸಿದ್ದೇನೆ.

ಬಣ್ಣದ ಕೆಲಸ ಕಲಿಸಿದ್ದು ಮಾಮು. ಅವರು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಿಜವಾದ ಕಾರುಗಳಿಗೆ ಟಿಂಕರಿಂಗ್, ಪೇಂಟಿಂಗ್ ಮಾಡುತ್ತಾರೆ. ಕ್ರಮ ಒಂದೇ: ಹಳೆಯ ಬಣ್ಣ ತೆಗೆ, ಪುಟ್ಟಿ ಹಾಕು, ವಾಟರ್ ಪೇಪರಿನಿಂದ ಉಜ್ಜು, ಪ್ರೈಮರ್, ಆಮೇಲೆ ಬಣ್ಣ. ಆದರೆ ಚಿಕ್ಕ ಕಾರಿನಲ್ಲಿ ದಪ್ಪವೇ ದೊಡ್ಡ ಸಮಸ್ಯೆ. ನೀವು ಹಚ್ಚಿದ ಬಣ್ಣ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಇದ್ದರೂ 43ರಿಂದ ಗುಣಿಸಿ. ನಿಜವಾದ ಕಾರಿಗೆ 4 ಮಿಲಿಮೀಟರ್ ದಪ್ಪದ ಬಣ್ಣ ಬಳಿದಂತೆ! ಬಾಗಿಲಿನ ಗೆರೆ, ಗ್ರಿಲ್ಲು ಎಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ನೀರಿನಂತೆ ತೆಳ್ಳಗೆ ಮಾಡಿ, ನಾಲ್ಕೈದು ಸಲ, ಪ್ರತಿ ಸಲವೂ ಒಣಗಲು ಬಿಟ್ಟು ಹೊಡೆಯಬೇಕು. ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ.

ಕಿಟಕಿಯ ಗಾಜಿಗೆ ಸೂಪರ್ ಗ್ಲೂ ಹಾಕಬಾರದು, ಅದರ ಹಬೆಗೆ ಪಾರದರ್ಶಕ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದೂ ಇಲ್ಲ. ಪ್ಲಾಸ್ಟಿಕ್ ಭಾಗಗಳಿಗೆ ಥಿನ್ನರ್ ತಾಗಿಸಬೇಡಿ, ಕರಗುತ್ತವೆ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಬಣ್ಣ ತೆಗೆಯುವವರಿದ್ದಾರೆ. ಹೆಚ್ಚು ಹೊತ್ತು ಬಿಟ್ಟರೆ ಲೋಹವೇ ಕಪ್ಪಾಗಿ ಸವೆಯುತ್ತದೆ, ಕೈ ಕಣ್ಣಿಗೂ ಅಪಾಯ. ನಾನು ಥಿನ್ನರನ್ನೇ ಬಳಸುತ್ತೇನೆ, ಅದೂ ಟೆರೇಸಿನ ಮೇಲೆ, ಗ್ಲೌಸ್ ಹಾಕಿಕೊಂಡು.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಮಾಡಿದೆ. ಒಂದು ಭಾನುವಾರ ದಾದಾನ ಕಾರಿನ ಟಾಪಿಗೆ ಥಿನ್ನರ್ ಬಟ್ಟೆ ಒತ್ತಿ ಉಜ್ಜಲು ಕೂತೆ. ಹಳದಿ ಬಣ್ಣ ಗಂಟು ಗಂಟಾಗಿತ್ತು, ಬ್ರಷ್ಷಿನ ಕೂದಲೂ ಅಂಟಿಕೊಂಡಿತ್ತು, ಯಾರೋ ಮಕ್ಕಳು ಬಳಿದದ್ದು ಎಂದುಕೊಂಡಿದ್ದೆ. ಬಟ್ಟೆ ಒಣಹಾಕಲು ಬಂದ ದಾದಿ ನೋಡಿದರು. ‘ಕ್ಯಾ ಕರ್ರಾ ರೇ?’ ಎಂದರು. ಬಟ್ಟೆಗೆ ಹತ್ತಿದ ಹಳದಿಯನ್ನು ನೋಡಿ ಅಲ್ಲೇ ಕೂತುಬಿಟ್ಟರು.

ಆಮೇಲೆ ಹೇಳಿದರು: ಟ್ಯಾಕ್ಸಿಯನ್ನು ಎಫ್‌ಸಿಗೆ ತೆಗೆದುಕೊಂಡು ಹೋಗುವ ಮೊದಲು ದಾದಾ ಬಣ್ಣ ಹೊಡೆಸುತ್ತಿದ್ದರು. ಡಬ್ಬಿಯ ತಳದಲ್ಲಿ ಉಳಿದ ಹಳದಿಯನ್ನು ಮನೆಗೆ ತಂದು, ಇದಕ್ಕೂ ಒಂದು ಕೋಟ್ ಬಳಿಯುತ್ತಿದ್ದರು. ‘ಇದಕ್ಕೂ ಎಫ್‌ಸಿ ಆಯಿತು’ ಎಂದು ನಗುತ್ತಿದ್ದರಂತೆ.

ಬಣ್ಣ ಹೋದ ಜಾಗದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದರ ಕೆಳಗೆ ಒಂದು, ಸ್ವಲ್ಪ ಸ್ವಲ್ಪ ಬೇರೆಯಾದ ನಾಲ್ಕು ಹಳದಿಗಳು ಕಂಡವು. ಐದನೆಯದು ಇತ್ತೋ ಏನೋ, ಅದು ನನ್ನ ಬಟ್ಟೆಯಲ್ಲಿತ್ತು.

ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಕಲಿತಿದ್ದೇವೆ. ಆಸ್ತಿ ಹಳೆಯದಾದಂತೆ ಬೆಲೆ ಇಳಿಯಬೇಕು. ಮಾಡೆಲ್ ಕಾರಿನಲ್ಲಿ ಲೆಕ್ಕ ಉಲ್ಟಾ. ಸಂಗ್ರಹಕಾರರು ಹಳೆಯ ಬಣ್ಣ, ಹಳೆಯ ರಟ್ಟಿನ ಪೆಟ್ಟಿಗೆ ಇರುವುದಕ್ಕೆ ಹೆಚ್ಚು ಹಣ ಕೊಡುತ್ತಾರೆ. ಹೊಸದಾಗಿ ಬಣ್ಣ ಹೊಡೆದದ್ದಕ್ಕೆ ಕಡಿಮೆ. ಹೊಸ ಬಣ್ಣ ಹೊಡೆದು ಒರಿಜಿನಲ್ ಎಂದು ಮಾರುವುದು ಶುದ್ಧ ಮೋಸ. ಆದರೆ ದಾದಾನ ಕಾರಿನ ಬಣ್ಣ ಕಂಪನಿಯದೂ ಅಲ್ಲ, ಮಾರುಕಟ್ಟೆಯಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ. ಹಾಗಾದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ನನಗೆ ಇನ್ನೂ ತಿಳಿದಿಲ್ಲ.

ಮಾಮು ಅದೇ ಹಳದಿಯನ್ನು ಹೊಂದಿಸಿ ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ನಾನು ಬೇಡವೆಂದೆ. ‘ಅರ್ಧ ಬಣ್ಣ ಹೋದ ಗಾಡಿಯನ್ನು ನಾನಾಗಿದ್ದರೆ ಗ್ಯಾರೇಜಿನಿಂದ ಹೊರಗೆ ಬಿಡುವುದಿಲ್ಲ’ ಎಂದು ಈಗಲೂ ಬೈಯುತ್ತಾರೆ. ಸೋಪಿನ ನೀರಿನಲ್ಲಿ ಬಾಡಿ ತೊಳೆದೆ, ತುಕ್ಕು ಹಿಡಿದ ಆಕ್ಸಲನ್ನು ಉಜ್ಜಿ ಎಣ್ಣೆ ಬಿಟ್ಟೆ, ಮಾತ್ರೆಯ ಪಾರದರ್ಶಕ ಪ್ಯಾಕನ್ನು ಕತ್ತರಿಸಿ ಗಾಜು ಕೂರಿಸಿದೆ. ಉಜ್ಜಿದ ಜಾಗಕ್ಕೆ ಬಣ್ಣವಿಲ್ಲದ ವಾರ್ನಿಷ್ ಮಾತ್ರ. ಒಟ್ಟು ಖರ್ಚು 180 ರೂಪಾಯಿ, ಈದಿಯ ಹಣದಿಂದ.

ಈಗ ಪ್ರೀಮಿಯರ್ ಪದ್ಮಿನಿಯನ್ನು ಮೊದಲಿನಿಂದ ಕಟ್ಟುತ್ತಿದ್ದೇನೆ, 24ರಲ್ಲಿ ಒಂದು ಅಳತೆಯಲ್ಲಿ. ಅದನ್ನೇ ಆರಿಸಲು ಭದ್ರಾವತಿಯೂ ಒಂದು ಕಾರಣ. 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ತಯಾರಿಸಿದರು. 1935ರಲ್ಲಿ ಯುರೋಪ್, ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅವರ ಜೊತೆ ಸೇರಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕಾರ್ಖಾನೆ ಬಂದದ್ದು ಮುಂಬೈಯ ಕುರ್ಲಾದಲ್ಲಿ. ಅಲ್ಲಿನ ಫಿಯೆಟ್ 1100 ಕಾರಿಗೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರಾಯಿತು.

ಬಾಡಿಗೆ ಹಳೆಯ ಶಾದಿ ಕಾರ್ಡುಗಳನ್ನು ಬಳಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಅವುಗಳಿಗೆ ಕೊರತೆಯಿಲ್ಲ, ರಟ್ಟೂ ಗಟ್ಟಿ. ಕತ್ತರಿಸಿ, ಬಗ್ಗಿಸಿ, ಸೂಪರ್ ಗ್ಲೂ ಕುಡಿಸಿದರೆ ಪ್ಲಾಸ್ಟಿಕ್‌ನಂತೆ ಬಿಗಿಯುತ್ತದೆ, ಆಮೇಲೆ ಪುಟ್ಟಿ ಹಾಕಿ ಉಜ್ಜಬಹುದು. ಹೆಡ್‌ಲೈಟಿಗೆ ಗಾಂಧಿ ಬಜಾರಿನಲ್ಲಿ ಸಿಗುವ, ಸೀರೆಗೆ ಅಂಟಿಸುವ ಬಿಳಿ ಹರಳು. ಬಂಪರಿಗೆ ಚಾಕೊಲೇಟಿನ ಬೆಳ್ಳಿ ಹಾಳೆ. ಬಾನೆಟ್ಟಿನ ಉಬ್ಬು ಮಾತ್ರ ಮೂರು ಸಲ ಮಾಡಿದರೂ ಸರಿ ಬಂದಿಲ್ಲ.

ಅಂಬಾಸಿಡರ್ ಈಗ ದಾದಿಯ ಕೋಣೆಯಲ್ಲಿ, ಔಷಧದ ಡಬ್ಬಿಯ ಪಕ್ಕದಲ್ಲಿದೆ. ಮುಂದಿನ ಎಫ್‌ಸಿ ಯಾವಾಗ ಎಂದು ಕೇಳುತ್ತಾರೆ.